ಬಂಡೆಯ ಇಳಿಜಾರು

"ಕೈ ಬೇಡ. ಆ ಕೋಲು ಚಾಚು, ಹಿಡ್ಕೊಂಡು ಹತ್ತುತೀನಿ," ಎಂದರು ಸಾವಿತ್ರಮ್ಮ.

ಮೇಲೆ ನಿಂತಿದ್ದ ಯಶೋಧರಾ ನೀಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅತ್ತೆ ಬಂಡೆಯ ಇಳಿಜಾರಿನ ನಡುವೆ ಸಿಕ್ಕಿಹಾಕಿಕೊಂಡಿದ್ದರು. ಸೀರೆಯ ನೆರಿಗೆ ಒಂದು ಕೈಯಲ್ಲಿ, ಇನ್ನೊಂದು ಕೈ ಕಲ್ಲಿನ ಬಿರುಕಿನಲ್ಲಿ. ಕೆಳಗೆ ಲಂಟಾನದ ಪೊದೆ, ಅದರಾಚೆ ಅರಣ್ಯ ಇಲಾಖೆಯ ಗೇಟು, ಸಾಲು ಕಾರು. ಗಂಡ ಗಣೇಶ್ ಪ್ರಸಾದ್ ಕ್ಯಾಮೆರಾ ಹಿಡಿದು ಆಗಲೇ ಮೇಲೆ ಹೋಗಿದ್ದ. ಮದುವೆಯಾದ ಮೇಲೆ ಅವನ ತಾಯಿ ಅವರಿಬ್ಬರ ಜೊತೆ ಹೊರಗೆ ಬಂದದ್ದು ಇದೇ ಮೊದಲು. "ಬೆಟ್ಟ ಸುತ್ತಾಡ್ಕೊಂಡು ಬಂದ್ರೆ ಎಲ್ಲ ಸರಿಹೋಗುತ್ತೆ ನೋಡು," ಎಂದು ಚಿಕ್ಕಬಳ್ಳಾಪುರ ಬಿಡುವಾಗ ಹೆಂಡತಿಗೆ ಹೇಳಿದ್ದ.

ಯಶೋಧರಾಳ ತವರು ಚಿಂತಾಮಣಿಯ ಬೌದ್ಧರ ಮನೆ. ಅವಳ ತಾತ ಊರಾಚೆಯ ಕೇರಿಯಲ್ಲಿದ್ದವರು. ಸೊಸೆ ಕೊಟ್ಟ ಲೋಟವನ್ನು ಸಾವಿತ್ರಮ್ಮ ಇದುವರೆಗೆ ಕೈಗೆ ತೆಗೆದುಕೊಂಡಿರಲಿಲ್ಲ. "ಅಲ್ಲೇ ಇಡು" ಎನ್ನುತ್ತಿದ್ದರು. ಇವಳು ಇಡುತ್ತಿದ್ದಳು.

ಇವತ್ತು ಕೋಲನ್ನು ಪೊದೆಯೊಳಕ್ಕೆ ಎಸೆದಳು.

"ಈಗ ಕೈ ಒಂದೇ ಇರೋದು ಅತ್ತೆ."

"ಎಷ್ಟೇ ಕೊಬ್ಬು ನಿಂಗೆ! ಗಣೇಶ ಬರ್ಲಿ. ಅಲ್ಲೀವರ್ಗೂ ಇಲ್ಲೇ ಇರ್ತೀನಿ."

"ಇರಿ."

ಬಿಸಿಲು ಏರಿತು. ಸಾವಿತ್ರಮ್ಮ ನೆರಿಗೆ ಬಿಟ್ಟು ಎರಡೂ ಕೈಯಿಂದ ಬಿರುಕನ್ನು ಹಿಡಿದುಕೊಂಡರು. ಯಶೋಧರಾಳಿಗೆ ಕನಿಕರ ಬರಲಿಲ್ಲ. ಬರುತ್ತಿಲ್ಲವಲ್ಲ ಎಂದು ಭಯವಾಯಿತು.

ಅಷ್ಟರಲ್ಲಿ ಕುಡುಮಲಕುಂಟೆಯ ಕಾರ್ಖಾನೆಯೊಂದರ ಟೋಪಿ ಹಾಕಿದ್ದ ಹೆಂಗಸರ ಗುಂಪು ಗಲಾಟೆ ಮಾಡುತ್ತ ಹತ್ತಿ ಬಂತು. "ಅಯ್ಯೋ, ರಾ ಅಮ್ಮಾ, ಹಿಡ್ಕೊಳಿ," ಎಂದು ತೆಲುಗು ಬೆರೆಸಿ ಕರೆದು ಒಬ್ಬಳು ಮೇಲಿನಿಂದ ಕೈ ನೀಡಿದಳು. ಸಾವಿತ್ರಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಬಂದರು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಮ್ಮ," ಎಂದು ಅವಳ ಕೆನ್ನೆ ಸವರಿದರು.

ಗುಂಪು ಮುಂದೆ ಹೋದ ಮೇಲೆ ಯಶೋಧರಾ, "ಆಕೆ ಯಾವ ಜಾತಿ ಅಂತ ಕೇಳ್ಲೇ ಇಲ್ವಲ್ಲ ನೀವು," ಎಂದಳು.

ಸಾವಿತ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅವಳದ್ದು ನಂಗೆ ಗೊತ್ತಿಲ್ಲ. ನಿಂದು ಗೊತ್ತಲ್ಲ."

ಮೇಲಿನಿಂದ ಗಣೇಶ್ ಪ್ರಸಾದ್ ಕೂಗಿದ. "ಅಮ್ಮಾ, ಯಶೂ, ಅಲ್ಲೇ ನಿಂತ್ಕೊಳ್ಳಿ! ಹಿಂದೆ ಕಾಡೆಲ್ಲ ಚೆನ್ನಾಗ್ ಕಾಣ್ತಿದೆ. ಸ್ವಲ್ಪ ಹತ್ರ ಬನ್ನಿ!"

ಸಾವಿತ್ರಮ್ಮ ಸೆರಗು ಸರಿಮಾಡಿಕೊಂಡು ಮಗನತ್ತ ಮುಖ ಮಾಡಿದರು.

"ಇನ್ನೂ ಹತ್ರ!"

ಯಶೋಧರಾ ಬಂಡೆಯ ಅಂಚಿನಲ್ಲಿ ಕುಳಿತು, ಕಾಲು ಕೆಳಗೆ ಬಿಟ್ಟಳು. "ಏ ಯಶೂ, ಎಲ್ಲಿಗೆ?" ಎಂಬ ಕೂಗು ಎದುರು ಗುಡ್ಡಕ್ಕೆ ಬಡಿದು ಮತ್ತೊಮ್ಮೆ ಕೇಳಿಸಿತು. ಕಲ್ಲು ಕಾದಿತ್ತು. ಅಂಗೈ ಊರಿ, ತೆವಳಿ, ಮತ್ತೆ ಊರಿ, ಅವಳು ಗೇಟಿನ ಕಡೆಗೆ ಇಳಿಯತೊಡಗಿದಳು.