ಶೆಡ್ಡಿನಿಂದ ಬಂದ ಎಂಜಿನ್

ಚಿತ್ತಾಪುರದ ಪ್ರಾಣೇಶನ ಮನೆಯಲ್ಲಿ ದೇವರ ಕೋಣೆಗಿಂತ ಸ್ವಚ್ಛವಾಗಿದ್ದದ್ದು ಒಂದು ಗಾಜಿನ ಕಪಾಟು. ಅದರಲ್ಲಿ ಹಳೆಯ ಆಟಿಕೆ ರೈಲುಗಳಿದ್ದವು: ತಗಡಿನ ಬೋಗಿಗಳು, ಕೈ ಮುರಿದ ಸಿಗ್ನಲ್ಲು, ಬೆರಳುದ್ದದ ಸೀಸದ ಪೋರ್ಟರು ಬೊಂಬೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮನುಷ್ಯ ಭಾನುವಾರಗಳನ್ನು ಶಹಾಬಾದ, ವಾಡಿಗಳ ಗುಜರಿ ಅಂಗಡಿಗಳಲ್ಲಿ ಕಳೆಯುವುದು ಊರಿಗೆ ತಮಾಷೆಯಾಗಿತ್ತು. ತಾಯಿ ಅನಸೂಯಾಬಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು: “ನಮ್ಮ ಪ್ರಾಣೇಶಗ ಸ್ಟೇಷನ್ ಮಾಸ್ತರ್ ನೌಕರಿ ಸಿಗಲಿಲ್ಲ ನೋಡ್ರಿ, ಅದಕ್ಕ ಮನ್ಯಾಗೇ ಸ್ಟೇಷನ್ ಇಟ್ಟಾನ.”

1998ರ ಬೇಸಿಗೆಯಲ್ಲಿ ಆ ಎಂಜಿನ್ ಸಿಕ್ಕಿತು. ವಾಡಿಯ ರೈಲ್ವೆ ಕಾಲೊನಿ ಬಿಟ್ಟುಹೋದ ಆಂಗ್ಲೋ ಇಂಡಿಯನ್ ಕುಟುಂಬವೊಂದರ ಸಾಮಾನಿನ ಜೊತೆ ಮೌಲಾಲಿ ಎಂಬವನ ಗುಜರಿ ಅಂಗಡಿಗೆ ಬಂದಿತ್ತು. ಕೀಲಿ ಕೊಟ್ಟರೆ ಓಡುವ, ಪರದೇಶದ ತಗಡಿನ ಎಂಜಿನ್. ಹಸಿರು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಪಕ್ಕದಲ್ಲಿ ತಯಾರಕರ ಬಂಗಾರ ಬಣ್ಣದ ಮುದ್ರೆ ಅರ್ಧ ಉಳಿದಿತ್ತು. ಪ್ರಾಣೇಶ ಅದರ ಫೋಟೊ ತೆಗೆಸಿ ಸಿಕಂದರಾಬಾದಿನ ನಂದಕಿಶೋರರಿಗೆ ಕಳಿಸಿದ.

ಸೇಡಂ ಮೂಲದ ನಂದಕಿಶೋರ್ ಅಲ್ಲಿ ಆಟಿಕೆ ರೈಲು ಸಂಗ್ರಾಹಕರ ಸಂಘವೊಂದನ್ನು ನಡೆಸುತ್ತಿದ್ದರು. ಪ್ರಾಣೇಶ ಸದಸ್ಯತ್ವ ಕೇಳಿದಾಗಲೆಲ್ಲ ಮುಂದೆ ನೋಡೋಣ ಎಂದಿದ್ದರು. ಈ ಸಲ ಶಾಲೆಗೇ ಫೋನು ಬಂತು. ಎಂಜಿನ್ ಓಡುವ ಹಾಗಿದ್ದರೆ ವಾರ್ಷಿಕ ಪ್ರದರ್ಶನದ ನಡುವಿನ ಮೇಜು ಅದಕ್ಕೇ, ಪಕ್ಕದಲ್ಲಿ ಪ್ರಾಣೇಶನ ಹೆಸರು, ಸದಸ್ಯತ್ವವೂ. ತಾವೇ ಬಂದು ನೋಡುತ್ತೇನೆ ಎಂದರು. ಅಂದಿನಿಂದ ಪ್ರಾಣೇಶನಿಗೆ ಆ ಮೇಜು ಬಿಟ್ಟು ಬೇರೇನೂ ಕಾಣಲಿಲ್ಲ.

ಎಂಜಿನ್ನಿನ ಸ್ಪ್ರಿಂಗ್ ತುಂಡಾಗಿತ್ತು. ಅದನ್ನು ವಾಡಿಯ ಹಾಜಿಸಾಬನಿಗೆ ಒಯ್ದು ಕೊಟ್ಟ. ಹಾಜಿಸಾಬ ಉಗಿ ಎಂಜಿನ್ನುಗಳ ಕಾಲದಲ್ಲಿ ರೈಲ್ವೆ ಶೆಡ್ಡಿನ ಫಿಟ್ಟರ್. ಅವು ಮುರಿದು ಗುಜರಿಗೆ ಹೋದ ಮೇಲೆ ಮನೆಯಲ್ಲಿ ಹೊಲಿಗೆ ಮಷೀನು, ಗಡಿಯಾರ ರಿಪೇರಿ ಮಾಡಿಕೊಂಡಿದ್ದ. ಎಂಜಿನ್ನನ್ನು ಅಂಗೈಯಲ್ಲಿಟ್ಟುಕೊಂಡು ಆತ ಗಾಲಿಗಳನ್ನು ಒಂದೊಂದಾಗಿ ತಿರುವಿ ನೋಡಿದ. ಸ್ಪ್ರಿಂಗ್ ಹಾಕಿಕೊಟ್ಟರೆ ಸಾಕು ಎಂದ ಪ್ರಾಣೇಶ. ಬಣ್ಣದ ಮಾತು ಎತ್ತಲಿಲ್ಲ. ಬಣ್ಣಕ್ಕೆ ಯಾರಾದರೂ ಕೈ ಹಚ್ಚಬಹುದೆಂದು ಅವನಿಗೆ ಹೊಳೆಯಲೇ ಇಲ್ಲ.

ನಂದಕಿಶೋರ್ ಬಂದು ಕಪಾಟಿನ ಮುಂದೆ ನಿಂತಿದ್ದಾಗಲೇ ಹಾಜಿಸಾಬ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟು ನಿಧಾನ ಬಿಚ್ಚಿದ.

ಎಂಜಿನ್ ಕಪ್ಪಗೆ ಹೊಳೆಯುತ್ತಿತ್ತು. ಗಾಲಿಗಳ ಅಂಚಿಗೆ ಬಿಳಿ, ಮುಂಭಾಗಕ್ಕೆ ಕೆಂಪು. ಬಂಗಾರದ ಮುದ್ರೆಯಿದ್ದ ಜಾಗದಲ್ಲಿ ಸಣ್ಣ ಕುಂಚದಿಂದ ಬರೆದ ನಂಬರ್. ಚಿಮಣಿಗೆ ಮಲ್ಲಿಗೆಯ ತುಂಡು ಮಾಲೆ.

“ರಿಪೇರಿ ಆದ ಎಂಜಿನ್ನ ಬಣ್ಣ ಇಲ್ದ ಶೆಡ್ಡಿನ ಹೊರಗ ಬಿಡತಿದ್ದಿಲ್ರಿ ನಾವು,” ಎಂದ ಹಾಜಿಸಾಬ. “ಹೂವ ನಮ್ಮ ಮನ್ಯಾಕಿ ಜೈಬುನ್ನೀಸಾ ಹಾಕ್ಯಾಳ. ನಂಬರ್ ನಾ ಕಡೀಕ ಕೆಲಸ ಮಾಡಿದ ಎಂಜಿನ್ನಿಂದು.”

ಕೀಲಿ ತಿರುವಿ ನೆಲಕ್ಕೆ ಬಿಟ್ಟ. ಎಂಜಿನ್ ಪಡಸಾಲೆಯುದ್ದಕ್ಕೂ ಓಡಿತು. ಇಂಥ ಆಟಿಕೆ ನೋಡಿ ಅನಸೂಯಾಬಾಯಿ ನಕ್ಕದ್ದು ಅದೇ ಮೊದಲು. “ಏ, ಖರೇನೇ ಓಡ್ತದಲ್ಲೋ,” ಎಂದಳು.

ನಂದಕಿಶೋರ್ ನೆಲದ ಕಡೆ ನೋಡಲಿಲ್ಲ. “ಹಳೇ ಪೇಂಟ್ ಹೋಯ್ತಂದ್ರ ಎಲ್ಲಾ ಹೋಯ್ತು ಪ್ರಾಣೇಶ. ಇಂಥಾವು ನಮ್ಮಲ್ಲಿ ಫುಟ್‌ಪಾತ್ ಮ್ಯಾಲೆ ಸಿಗ್ತಾವ,” ಎಂದರು. ಆಮೇಲೆ ಸೇಡಂಗೆ ಬಸ್ಸು ಎಷ್ಟು ಗಂಟೆಗೆಂದು ಕೇಳಿದರು. ಹೊರಡುವ ಮುಂಚೆ, ಬೇಕಿದ್ದರೆ ಕಪಾಟಿನ ಆ ಸೀಸದ ಪೋರ್ಟರನ್ನು ಕೊಡು, ಬೇರೆಯವರ ರೈಲಿನ ಪಕ್ಕ ನಿಲ್ಲಿಸೋಣ ಎಂದರು.

ಪ್ರಾಣೇಶ ಹಾಜಿಸಾಬನ ಕಡೆ ಬೆರಳು ತೋರಿಸಿದ. “ಇದು ನಾ ಮಾಡಿದ್ದಲ್ರಿ. ಈ ಮುದುಕಗ ಏನ್ ತಿಳೀತದ? ಜೀವಮಾನ ಎಲ್ಲಾ ಮಸಿ ಒರಸಿದಾಂವ.”

ಹಾಜಿಸಾಬ ಅಲ್ಲೇ ನಿಂತಿದ್ದ. “ಓಡಲಿಕತ್ತದಲ್ರಿ, ಮಾಸ್ತರ್?” ಎಂದು ಕೇಳಿದ. ಎಂಜಿನ್ ಗೋಡೆಗೆ ಮೂತಿ ಒತ್ತಿಕೊಂಡು ಇನ್ನೂ ಗಾಲಿ ತಿರುಗಿಸುತ್ತಿತ್ತು. ಆತ ಬಗ್ಗಿ ಅದನ್ನೆತ್ತಿ, ಗಾಲಿ ನಿಲ್ಲುವವರೆಗೆ ಕೈಯಲ್ಲೇ ಹಿಡಿದಿದ್ದು, ಮೇಜಿನ ಮೇಲಿಟ್ಟ. ಮಲ್ಲಿಗೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅನಸೂಯಾಬಾಯಿ ತಂದ ಚಹಾ ಕುಡಿಯದೆ ಹೊರಟುಹೋದ.

ಬಂದವರು ಹೋದ ಮೇಲೆ ಪ್ರಾಣೇಶ ಬ್ಲೇಡು ತೆಗೆದುಕೊಂಡು ಕುಳಿತ. ಕಪ್ಪಿನ ಕೆಳಗೆ ಎಲ್ಲಾದರೂ ಹಸಿರು ಉಳಿದಿರಬೇಕು. ಎಂಜಿನ್ನಿನ ಹೊಟ್ಟೆಯ ಕಡೆ ಕೆರೆದ: ಕಪ್ಪಿನ ಕೆಳಗೆ ಹೊಸ ಕೆಂಪು ಪ್ರೈಮರ್, ಅದರ ಕೆಳಗೆ ಬಿಳಿ ತಗಡು. ಗಾಲಿಗಳ ಹಿಂದೆ, ಚಿಮಣಿಯ ಬುಡದಲ್ಲಿ, ಯಾರೂ ನೋಡದ ತಳದಲ್ಲಿಯೂ ಅಷ್ಟೇ. ಬಣ್ಣ ಬಳಿಯುವ ಮುಂಚೆ ಎಲ್ಲವನ್ನೂ ಉಜ್ಜುಕಾಗದದಿಂದ ತಿಕ್ಕಿ ತೆಗೆಯಲಾಗಿತ್ತು. ಹಾಜಿಸಾಬ ಎಲ್ಲಿಯೂ ಮೈಗಳ್ಳತನ ಮಾಡಿರಲಿಲ್ಲ.

“ಇನ್ನೊಂದ್ಸಲ ಬಿಡೋ ಅದನ್ನ, ನೋಡೂಣು,” ಎಂದಳು ತಾಯಿ ಒಳಗಿನಿಂದ.

ಪ್ರಾಣೇಶ ಬ್ಲೇಡು ಕೆಳಗಿಡಲಿಲ್ಲ. ನಂಬರ್ ಮಾತ್ರ ಉಳಿದಿತ್ತು. ಅದರ ಕೆಳಗೂ ಏನೂ ಇಲ್ಲವೆಂದು ಗೊತ್ತಿತ್ತು. ಆದರೂ ಒಂದೊಂದೇ ಅಂಕಿಯನ್ನು ಕೆರೆದು ಹಾಕಿದ.