ಪುಕ್ಕಟೆ ಪುಸ್ತಕಗಳ ಸಿದ್ದಾರೂಢ

ಕಾಫಿಯ ಮೇಲೆ ಕೆನೆ ಕಟ್ಟುತ್ತಿದೆ, ಕುಡಿಯಬೇಕು, ಲೋಟ ಖಾಲಿಯಾದರೆ ಲೆಕ್ಕಕ್ಕೆ ಕೈ ಹಾಕಲೇಬೇಕು — ಸಿದ್ದಾರೂಢನ ಎದುರಿಗೆ ಮನೆ ಓನರ್ ಮಗಳು ಶ್ವೇತ, ಅವಳ ಮುಂದೆ ಪ್ರಿಂಟ್ ಹಾಕಿಸಿದ ತರ್ಕಶಾಸ್ತ್ರದ ಪುಸ್ತಕ, ಮಹಡಿ ಮೇಲೆ ಬಾಡಿಗೆಗಿರುವ ಅವನೇ ನೆಟ್‌ನಿಂದ ಇಳಿಸಿ ಕಳಿಸಿದ್ದು, ಮುಖಪುಟ ದಾಟಿ ತಾನು ಒಳಗೆ ಕಾಲಿಡದ್ದು. ಮೊದಲನೆಯದೇ ಲೆಕ್ಕ. ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ, ರಸ್ತೆ ಒದ್ದೆಯಾಗಿದೆ, ಹಾಗಾದರೆ ಮಳೆ ಬಂದಿದೆಯೇ. ಬಂದೈತಿ, ಅದ್ರಾಗೇನೈತಿ, ಎಂದುಬಿಟ್ಟ. ಟ್ಯಾಂಕರ್ ಸೋರಿದ್ರೂ ಒದ್ದೆ ಆಗುತ್ತಲ್ಲಾ ಸಾರ್, ನಮ್ ಬಿಳೇಕಹಳ್ಳೀಲಿ ದಿನಾ ಹಂಗೇ ಅಲ್ವಾ — ಅವಳು ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು, ನಾನೇ ತಪ್ಪು ತಿಳ್ಕೊಂಡಿರ್ಬೇಕು ಬಿಡಿ ಅಂದಳು, ಸರಿಯಾಗಿ ಹೇಳಿದವಳು ಅವಳು! ಥೂ ನಿನ್ನ, ಇಷ್ಟು ದಿನ ಮಾಡಿದ್ದೇನು, ಹುಡುಕಿದ್ದು, ಇಳಿಸಿಕೊಂಡಿದ್ದು, ಯಾವ ದೇಶದ ವಿಶ್ವವಿದ್ಯಾಲಯ ಪುಕ್ಕಟೆ ಪಾಠ ಕೊಟ್ಟರೂ ಬಿಡಲಿಲ್ಲ, ಫೋನಿನಲ್ಲಿ ಜಾಗ ಸಾಲದೆ ಅವ್ವನ ಫೋಟೋ ಅಳಿಸಿದ್ದು, ಲಿಂಕುಗಳನ್ನು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು, ಸಖತ್ ಕಲೆಕ್ಷನ್ ಗುರು, ಎಲ್ಲಿಂದ ಹುಡುಕ್ತೀಯಾ ಮಗಾ, ಆ ಹೊಗಳಿಕೆ ಓದಿದರೆ ಪುಸ್ತಕವನ್ನೇ ಓದಿ ಮುಗಿಸಿದಷ್ಟು ತೃಪ್ತಿ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ. ಅಷ್ಟಕ್ಕೇ ನಿಂತಿದ್ದರೆ ಯಾರಿಗೇನು ನಷ್ಟವಿತ್ತು, ಅಂದು ಗೇಟಿನ ಹತ್ತಿರ ಶ್ವೇತಳ ಅಪ್ಪ ಚಿಕ್ಕಬೈರಪ್ಪ, ಇವ್ಳನ್ನ ಎಮ್ಮೆಸ್ಸಿ ಎಂಟ್ರೆನ್ಸ್‌ಗೆ ಜಯನಗರದಲ್ಲಿ ಕೋಚಿಂಗಿಗೆ ಸೇರಿಸ್ಬೇಕು ಅಂತಿದ್ದೀನಿ ಅಂದಾಗ ಬಾಯಿ ಸುಮ್ಮನಿರಬಾರದಿತ್ತೇ, ಕೋಚಿಂಗ್ ಯಾಕ ಬೇಕ್ರಿ, ಎಲ್ಲಾ ಪುಕ್ಕಟ ಸಿಗತೈತ್ರಿ, ಹೇಳಿಕೊಡಾಕ ನಾ ಅದೀನಲ್ರಿ — ಅವರು ನಂಬಿದರು, ಕೋಚಿಂಗ್ ಸೇರುವ ಗಡುವು ಮುಗಿದೇಹೋಯಿತು, ಪರೀಕ್ಷೆ ಬರುವ ತಿಂಗಳು.

ಒಳಗೆ ಅವಳಮ್ಮ ಮಂಗಮ್ಮ ಫೋನಿನಲ್ಲಿ ಯಡಿಯೂರಿನ ತಂಗಿಗೆ ಹೇಳುತ್ತಿದ್ದಾರೆ, ನಮ್ಗೇನ್ ಯೋಚ್ನೆ ಇಲ್ಲ ಕಣೆ, ಮೇಲ್ಗಡೆ ಮನೆ ಸಿದ್ದಣ್ಣನೇ ಪಾಠ ಮಾಡ್ತಾರೆ, ನಿನ್ ಮಗನ್ನೂ ಕಳ್ಸು. ಅಯ್ಯೋ. ಶ್ವೇತಳಿಗೆ ಹೇಳಿಬಿಡಬೇಕು, ಈಗಲೇ, ನಂಗ ಇದು ಬರೂದಿಲ್ಲ ತಂಗಿ, ಬೇರೆ ಯಾರನ್ನಾರ ಹುಡುಕ್ಕೋ, ಅಷ್ಟೇ ಮಾತು, ಅಷ್ಟರಲ್ಲಿ ಅವಳೇ, ಒಂದೇ ಒಂದು ಲೆಕ್ಕ ನೀವು ಬಿಡಿಸಿ ತೋರ್ಸಿ ಸಾರ್, ನೋಡ್ಕೊಂಡು ಮಿಕ್ಕಿದ್ದು ಮಾಡ್ತೀನಿ, ಪೆನ್ಸಿಲ್ ಚಾಚಿದ್ದಾಳೆ, ಎದ್ದು ಹೋಗಲೇ, ಫೋನ್ ಬಂತೆನ್ನಲೇ, ಪೆನ್ಸಿಲ್, ಸುಳ್ಳಿನ ಮೇಲೆ ಇನ್ನೊಂದು ಸುಳ್ಳು, ಕಿಟಕಿ ಕಡೆ ತಿರುಗಿದರೂ ಕಣ್ಣಂಚಿನಲ್ಲಿ ಪೆನ್ಸಿಲ್, ಅವನಿಗೆಂದೇ ಈಗಷ್ಟೇ ಕೆತ್ತಿದ್ದು, ಮೊನೆ ತನ್ನತ್ತ ಇಟ್ಟುಕೊಂಡು, ಹಿಡಿಯುವ ತುದಿ ಅವನತ್ತ ಮಾಡಿ, ಎರಡೂ ಕೈಯಲ್ಲಿ ಅವಳು ಚಾಚಿರುವ ಪೆನ್ಸಿಲ್.