ಮೂರನೆಯ ಸಲ ಊದಿದ್ದು

ಆಸ್ಪತ್ರೆಯ ಹಿಂಭಾಗದ ಆ ಕೋಣೆಯಿಂದ ದಿನವಿಡೀ ಒಂದೇ ಕೂಗು. ಊದಿ, ಊದಿ, ಬಿಡಬೇಡಿ, ಇನ್ನೂ ಇದೆ, ಇನ್ನೂ ಇದೆ. ಉಸಿರಿನ ಬಲ ಅಳೆಯುವ ಮಷೀನಿನ ಪಕ್ಕ ನಿಂತು ಹದಿನೆಂಟು ವರ್ಷದಿಂದ ರೋಗಿಗಳನ್ನು ಹುರಿದುಂಬಿಸುತ್ತಿದ್ದವಳಿಗೆ ಊದಕ್ಕ ಎಂದೇ ಹೆಸರು ಬಿದ್ದಿತ್ತು. ಗೋಡೆಯಾಚೆಯ ಎಕ್ಸ್‌ರೇಯವನು ಸ್ವಲ್ಪ ಮೆತ್ತಗೆ ಕೂಗು ಮಾರಾಯ್ತಿ ಎಂದು ಎಷ್ಟೋ ಸಲ ಕೈಮುಗಿದಿದ್ದ. ನಿದ್ದೆಯಲ್ಲೂ ತನ್ನನ್ನು ಊದಿಸುತ್ತಾಳೆಂದು ಅವಳ ಗಂಡನ ದೂರು.

ಆ ಬೆಳಗ್ಗೆ ಮಾತ್ರ ಬಾಯಿ ಹೊಲಿದುಕೊಂಡಿರಬೇಕೆಂದು ಅವಳು ನಿಶ್ಚಯಿಸಿದ್ದಳು. ಕಾರಣ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಬ್ಯಾಂಡ್ ಮೇಷ್ಟ್ರು. ನಲವತ್ತು ವರ್ಷ ತುತ್ತೂರಿ ಊದಿದ ಮನುಷ್ಯ. ಈಗ ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗುತ್ತ ಬಂದು, ಬೆಂಚಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯಬೇಕಿತ್ತು. ಈ ಕಾಯಿಲೆ ವಾಸಿಯಾಗುವುದಿಲ್ಲ. ಇದ್ದಲ್ಲೇ ತಡೆದು ನಿಲ್ಲಿಸುವ ಮಾತ್ರೆಯೊಂದಿದೆ. ಅದನ್ನು ಕೊಂಡು ನುಂಗಲು ಹೋದರೆ ಮನೆಯನ್ನೇ ನುಂಗಬೇಕು. ಸರ್ಕಾರ ಅದನ್ನು ದೇಶದ ಉಚಿತ ಔಷಧಿ ಪಟ್ಟಿಗೆ ಸೇರಿಸಿದ ದಿನ ಕಾರಿಡಾರಿನಲ್ಲಿ ಗುರುತಿಲ್ಲದವರೂ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಆಮೇಲೆ ಸುತ್ತೋಲೆ ಬಂತು. ಎಲ್ಲರಿಗೂ ಕೊಡುವಷ್ಟು ಇಲ್ಲ, ನೂರಕ್ಕೆ ಐವತ್ತಕ್ಕಿಂತ ಕಡಿಮೆ ಬಲ ಉಳಿದವರಿಗೆ ಮಾತ್ರ. ಮೂವತ್ತಕ್ಕಿಂತ ಕೆಳಗಿಳಿದವರಿಗೂ ಇಲ್ಲ, ಕೊಟ್ಟು ಫಲವಿಲ್ಲವಂತೆ. ಮೂರು ಸಲ ಊದಿಸಬೇಕು, ಹೆಚ್ಚು ಬಂದದ್ದೇ ಲೆಕ್ಕ. ಮತ್ತೆ ಪರೀಕ್ಷೆ ವರ್ಷದ ಮೇಲೆ.

ಮೇಷ್ಟ್ರ ಹೆಂಡತಿ ಊದಕ್ಕನನ್ನು ಕೈತೊಳೆಯುವ ನಲ್ಲಿಯ ಹತ್ತಿರ ಹಿಡಿದಿದ್ದಳು. ಇವರು ಯಾವುದನ್ನೂ ಅರೆಮನಸ್ಸಿನಿಂದ ಮಾಡಿದವರಲ್ಲ, ಮೆತ್ತಗೆ ಊದಿ ಅಂತ ವಾರವೆಲ್ಲ ಗೋಗರೆದು ಒಪ್ಪಿಸಿದ್ದೇನೆ ಎಂದಳು.

"ನೀವು ಮಾತ್ರ ಕೂಗಬೇಡಿ ಅಕ್ಕ. ಕೂಗಿದ್ರೆ ಅವರಿಗೆ ರೋಷ ಬಂದುಬಿಡುತ್ತೆ."

ಊದಕ್ಕ ನಲ್ಲಿ ತಿರುಗಿಸಿ ನಿಲ್ಲಿಸಿ, ಆಗಲೆಂದು ತಲೆಯಾಡಿಸಿದ್ದಳು.

ಮೊದಲ ಸಲ ನಲವತ್ತೈದು ಬಂತು. ಎರಡನೆಯ ಸಲ ನಲವತ್ತಾರು. ಊದಕ್ಕ ತುಟಿ ಕಚ್ಚಿ ನಿಂತಿದ್ದಳು. ಮೇಷ್ಟ್ರು ಕೊಳವೆಯನ್ನು ಬಾಯಿಂದ ತೆಗೆದು, ತಲೆ ತಗ್ಗಿಸಿಯೇ ಹೇಳಿದರು.

"ನಲವತ್ತು ವರ್ಷ ಊದಿದೀನಮ್ಮ. ಕಳ್ಳನ ಥರ ಊದಿದ್ದು ಇವತ್ತೇ."

"ಇನ್ನೊಂದೇ ಒಂದು ಮೇಷ್ಟ್ರೇ. ಮುಗೀತು."

ಮೂರನೆಯ ಸಲವೂ ಅವರು ಹಾಗೇ ಜಾಣತನದಿಂದ ಶುರುಮಾಡಿದರು. ನಾಲ್ಕನೆಯ ಸೆಕೆಂಡಿಗೆ ಪರದೆಯ ಮೇಲಿನ ಗೆರೆ ಬಳಲಿ ಚಪ್ಪಟೆಯಾಗತೊಡಗಿತು. ಹದಿನೆಂಟು ವರ್ಷದಲ್ಲಿ ಹಾಗೆ ಸೋಲುವ ಗೆರೆಯನ್ನು ನೋಡಿ ಊದಕ್ಕ ಒಂದು ಸಲವೂ ಸುಮ್ಮನಿದ್ದವಳಲ್ಲ.

"ಊದಿ, ಊದಿ, ಬಿಡಬೇಡಿ, ಇನ್ನೂ ಇದೆ, ಇನ್ನೂ ಇದೆ."

ತನ್ನ ದನಿ ತನ್ನ ಕಿವಿಗೆ ಬಿದ್ದಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆದರೆ ಮೇಷ್ಟ್ರು ಆಗಲೇ ಕಣ್ಣು ಮುಚ್ಚಿದ್ದರು. ಭುಜಗಳು ಹಿಂದಕ್ಕೆ ಹೋದವು, ಎಡಗಾಲು ತಾನಾಗಿ ತಾಳ ಹಾಕಿತು, ಗೆರೆ ಮೇಲೇರುತ್ತ ಹೋಯಿತು.

ಐವತ್ತೊಂದು.

ಅವಳು ಅಳಿಸುವ ಗುಂಡಿಗಾಗಿ ತಡಕಾಡಿದಳು. ಅದಿಲ್ಲವೆಂದು ಅವಳಿಗೇ ಗೊತ್ತಿತ್ತು. ಇಲ್ಲಿಯವರು ಯಾರಾದರೂ ಕನಿಕರಪಟ್ಟಾರೆಂಬ ಅನುಮಾನಕ್ಕೆ ಅದನ್ನು ತೆಗೆಸಿ, ಸಂಖ್ಯೆ ನೇರ ಮೇಲಿನ ಕಚೇರಿಗೆ ಹೋಗುವಂತೆ ಮಾಡಿದ್ದರು. ಹೋಗಿತ್ತು.

ಮೇಷ್ಟ್ರು ಮೇಲುಸಿರು ಬಿಡುತ್ತ ಕಣ್ಣು ತೆರೆದರು. ಮುಖ ಹತ್ತು ವರ್ಷ ಚಿಕ್ಕದಾಗಿತ್ತು.

"ಕೊನೇದು ಚೆನ್ನಾಗಿ ಬಂತಲ್ವಾ?"

"ಬಂತು ಮೇಷ್ಟ್ರೇ."

ಬಾಗಿಲಲ್ಲಿ ಹೆಂಡತಿ ಪರದೆಯನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಬಂದು ಸೆರಗಿನಿಂದ ಗಂಡನ ಗಲ್ಲದ ಬೆವರು ಒರೆಸಿದಳು. ಆಗ ಅವರಿಗೂ ತಿಳಿಯಿತು. ಹೋಗಲಿ ಬಿಡೇ, ಮುಂದಿನ ವರ್ಷ ಕಣ್ಣುಮುಚ್ಚಿ ಫೇಲಾಗ್ತೀನಿ ಎಂದು ನಗಲು ಹೋಗಿ ಕೆಮ್ಮಿದರು.

ಕೆಮ್ಮು ಅಡಗುವವರೆಗೂ ಕಾದು ಹೆಂಡತಿ ಊದಕ್ಕನತ್ತ ತಿರುಗಿದಳು.

"ಹೋದ ವರ್ಷ ಎಪ್ಪತ್ತಮೂರು ಇತ್ತು. ಬರೋ ವರ್ಷಕ್ಕೆ ಮೂವತ್ತಾದ್ರೂ ಉಳಿದಿರುತ್ತಾ ಅಕ್ಕ?"

ಊದಕ್ಕ ಮಷೀನಿನಿಂದ ಒದ್ದೆ ಕೊಳವೆಯನ್ನು ಕಿತ್ತು ಡಬ್ಬಿಗೆ ಹಾಕಿದಳು. ಮೇಷ್ಟ್ರು ಗೋಡೆ ಹಿಡಿದು, ಹೆಂಡತಿ ಅವರ ತೋಳು ಹಿಡಿದು ಹೊರಗೆ ಹೋಗುವವರೆಗೆ ಡಬ್ಬಿಯನ್ನೇ ನೋಡುತ್ತಿದ್ದಳು. ಆಮೇಲೆ, ಗೋಡೆಯಾಚೆಯವನಿಗೂ ಕೇಳಿಸದಷ್ಟು ಮೆತ್ತಗೆ, ಮುಂದಿನವರು ಬನ್ನಿ ಎಂದಳು.